ನಮ್ಮೂರಲ್ಲಿ ಬಯಲಲ್ಲಿ ಮಲಗುವವರು ಇಲ್ಲವೆಂದು ಬರೆಸಿದ ವರ್ಷ

ಮೊನ್ನೆ ಸೋಮವಾರ ನಮ್ಮ ಮೊಮ್ಮಗ ಹೊಸ್ತಿಲು ದಾಟಿದ. ಈ ಸುದ್ದಿಯನ್ನು ಯಾರಿಗೆ ಹೇಳಲಿ, ಯಾರಿಗೆ ಬಿಡಲಿ ಎಂಬುದೇ ನನಗೆ ತಿಳಿಯುತ್ತಿಲ್ಲ. ಹಾಲು ಹಾಕುವವನಿಗೆ ಹೇಳಿದೆ, ಹಿಟ್ಟಿನ ಗಿರಣಿಯವನಿಗೆ ಹೇಳಿದೆ, ಹರಪನಹಳ್ಳಿ ಬಸ್ಸಿನ ಕಂಡಕ್ಟರಿಗೂ ಹೇಳಿದೆ. ಅವನು ನಕ್ಕು, "ಹಂಗಾರ ಅಜ್ಜಿ, ಇನ್ನ ಮ್ಯಾಲೆ ಅವಂಗೂ ಅರ್ಧ ಟಿಕೀಟ್ ತಗೀಬೇಕು" ಎಂದ. ಹೇಳದೆ ಹೇಗಿರಲಿ? ಅಡುಗೆಮನೆಯಿಂದ ಅಂಬೆಗಾಲಿಟ್ಟುಕೊಂಡು ಬಂದ, ಪಡಸಾಲೆ ದಾಟಿದ, ತಲೆಬಾಗಿಲ ಹೊಸ್ತಿಲ ಮೇಲೆ ಹೊಟ್ಟೆ ಹಾಕಿ ಅರ್ಧ ಒಳಗೆ ಅರ್ಧ ಹೊರಗೆ ತೂಗಿಕೊಂಡು, ಇರುವ ಎರಡೇ ಹಲ್ಲು ತೋರಿಸಿ ನಕ್ಕು, ದೊಪ್ಪನೆ ಆಚೆಗೆ ಬಿದ್ದ. ಅಳಲೂ ಇಲ್ಲ! ಹೊಸ್ತಿಲ ಮೇಲೆ ತೆಂಗಿನಕಾಯಿ ಒಡೆಸಿದೆ. ಸೊಸೆಯ ಕೈಯಲ್ಲಿ ಹೋಳಿಗೆ ಮಾಡಿಸಿದೆ. ಓಣಿಯ ಮನೆಮನೆಗೂ ನಾನೇ ಹೋಗಿ ಹಂಚಿ ಬಂದೆ. ಮೊಣಕಾಲ ನೋವು ಅವತ್ತು ಎಲ್ಲಿ ಹೋಗಿತ್ತೋ ಏನೋ.

ಹಂಚಿ ಬಂದು ಕಟ್ಟೆಯ ಮೇಲೆ ಕುಳಿತಾಗ ಪಕ್ಕದ ಮನೆಯ ಹಿತ್ತಲಿನಲ್ಲಿ ಹುಣಸೆಹಣ್ಣು ಬಡಿಯುತ್ತಿದ್ದರು. ಬಿಸಿಲಿಗೆ ಕಾದ ಹುಣಸೆಯ ಆ ಹುಳಿ ವಾಸನೆ ಗೋಡೆ ದಾಟಿ ಬಂತು ನೋಡಿ, ಕೈಯಲ್ಲಿದ್ದ ಕೊಬ್ಬರಿ ಚೂರು ಕೈಯಲ್ಲೇ ಉಳಿಯಿತು. ಸೊಸೆ ಬಂದು, "ಯಾಕತ್ತಿ, ಕಣ್ಣಾಗ ನೀರು?" ಎಂದಳು. "ಸಂತೋಷಕ್ಕವ್ವಾ" ಎಂದೆ. ಅರ್ಧ ಮಾತು ನಿಜ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಎರಡನೇ ಇಯತ್ತೆ. ಮರೆತದ್ದನ್ನು ಮತ್ತೆ ಕಲಿತದ್ದು ಸಾಕ್ಷರತೆಯ ಸಂಜೆ ಶಾಲೆಯಲ್ಲಿ, ಮೂರು ಮಕ್ಕಳ ತಾಯಿಯಾದ ಮೇಲೆ. ಒತ್ತಕ್ಷರ ತಪ್ಪಿದರೆ ತಿದ್ದಲು ಮಗಳ ಮಗಳು ಇದ್ದಾಳೆ, ಹೈಸ್ಕೂಲು ಓದುತ್ತಾಳೆ. ನಾನು ಹೇಳಹೊರಟಿರುವುದು ಅವಳು ಹುಟ್ಟಿದ ವರ್ಷದ ಮಾತು. ಈ ಕತೆಯಲ್ಲಿ ಅವಳೂ ಇದ್ದಾಳೆ, ಆದರೆ ಅವಳಿಗೆ ಗೊತ್ತಿಲ್ಲ.

ನಮ್ಮೂರು ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ಕಡೆ ಇದೆ. ಆಗ ಬಸ್ ನಿಲ್ಲುವಲ್ಲಿ ನಂದೊಂದು ಮಂಡಕ್ಕಿ ಮಿರ್ಚಿ ಅಂಗಡಿ ಇತ್ತು. ಅಂಗಡಿ ಎಂದರೆ ನಾಲ್ಕು ಗೂಟ, ಮೇಲೊಂದು ತಗಡು, ಒಂದು ಒಲೆ. ನಮ್ಮ ಯಜಮಾನರು ಹಮಾಲಿ ಮಾಡುತ್ತಿದ್ದರು. ಮೊದಲ ಬಸ್ಸಿಗೆ ಚಹಾ ಕೊಡಬೇಕೆಂದು ನಾನು ಕೋಳಿ ಕೂಗುವ ಮೊದಲೇ ಎದ್ದು ಹೋಗುತ್ತಿದ್ದೆ. ಹಾಗಾಗಿ ನಮ್ಮೂರಲ್ಲಿ ಯಾರು ಎಲ್ಲಿ ಮಲಗುತ್ತಾರೆಂಬುದು ನನಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ದ್ಯಾಮವ್ವ ಮಲಗುತ್ತಿದ್ದುದು ಸಂತೆ ಕಟ್ಟೆಯ ಮೇಲೆ. ವಾರಕ್ಕೊಮ್ಮೆ ಸಂತೆ ಕೂಡುವ ಬಯಲಲ್ಲಿ ಕಲ್ಲಿನ ಉದ್ದ ಕಟ್ಟೆ, ಮೇಲೆ ತಗಡು, ಸುತ್ತ ಗೋಡೆಯಿಲ್ಲ. ಆರು ದಿನ ಅದು ಅವಳದು. ಸಂತೆಯ ದಿನ ಗಂಟು ಎತ್ತಿಕೊಂಡು ನನ್ನ ಅಂಗಡಿಯ ಹಿಂದೆ ಬಂದು ಕೂರುತ್ತಿದ್ದಳು. ಬಗಲಲ್ಲಿ ಕೆಂಚಿ ಎಂಬ ಹೆಣ್ಣು ಕೂಸು. ಅವಳ ಊರು ಹಡಗಲಿಯ ಕಡೆಯ ಒಂದು ಹಳ್ಳಿ. ಮಳೆಗೆ ಮನೆಯ ಒಂದು ಗೋಡೆ ಬಿದ್ದಿತ್ತು. ಗಂಡ ಕಬ್ಬು ಕಡಿಯಲು ಮಂಡ್ಯದ ಕಡೆ ಗುಳೆ ಹೋದವನು ಮರಳಿರಲಿಲ್ಲ.

"ಅರ್ಧ ಮನಿ ಇನ್ನಾ ನಿಂತೈತಲ್ಲ ಬೇ, ಅದರಾಗ ಇರಬೇಕಿಲ್ಲ?" ಎಂದು ನಾನೊಮ್ಮೆ ಕೇಳಿದ್ದೆ.

"ಆ ಅರ್ಧದಾಗ ನನ್ನ ಮೈದುನ ಎಮ್ಮಿ ಕಟ್ಯಾನ ಯಕ್ಕಾ. ಎಮ್ಮಿಗೆ ಮನಿ ಐತಿ."

ಹೀಗೆ ಹೇಳಿ ಅವಳೇ ನಗುತ್ತಿದ್ದಳು. ಅವಳ ನಗು ಕೇಳಿದರೆ ಬಸ್ಸಿನಲ್ಲಿ ಕುಳಿತವರೂ ಕಿಟಕಿಯಿಂದ ತಿರುಗಿ ನೋಡಬೇಕು, ಅಂಥದ್ದು.

ಆ ವರ್ಷ ಹುಣಸೆ ಕಾಯಿ ಕೊಂಬೆ ಮುರಿಯುವಂತೆ ಬಿಟ್ಟಿತ್ತು. ಶಿವರಾತ್ರಿ ಹೊತ್ತಿಗೆ ಊರಿನ ಅಂಗಳಗಳೆಲ್ಲ ಹುಣಸೆಯೇ. ಹೆಂಗಸರು ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು ಸಿಪ್ಪೆ ಬಿಡಿಸಿ, ನೆರಳಲ್ಲಿ ಕೂತು ಬೀಜ ತೆಗೆಯುತ್ತಿದ್ದರು. ದ್ಯಾಮವ್ವನ ಕೈ ಬಲು ಚುರುಕು. ನಾವು ಒಂದು ಬುಟ್ಟಿ ಮುಗಿಸುವಷ್ಟರಲ್ಲಿ ಅವಳದು ಎರಡು. ಹುಳಿಯಿಂದ ಬೆರಳ ತುದಿಗಳು ಬಿರಿದು ಬೆಳ್ಳಗಾಗಿರುತ್ತಿದ್ದವು. ಅದೇ ಬೆರಳಿನಿಂದ ಕೆಂಚಿಯ ಬಾಯಿ ಒರೆಸಿದರೆ ಕೂಸು ಹುಳಿಗೆ ಮುಖ ಕಿವುಚುತ್ತಿತ್ತು. ನಾವೆಲ್ಲ ನಗುತ್ತಿದ್ದೆವು.

ಒಂದು ಮಧ್ಯಾಹ್ನ ನೋಡುತ್ತೇನೆ, ಹಣ್ಣು ಬಡಿಯುವ ಕೋಲನ್ನು ಕಟ್ಟೆಯ ಮೇಲೆ ಅಡ್ಡ ಇಟ್ಟು, ಅದಕ್ಕೆ ಅರಿಶಿನ ಹಚ್ಚಿ, ಕುಂಕುಮ ಇಡುತ್ತಿದ್ದಾಳೆ.

"ಇದೇನ್ ಬೇ ದ್ಯಾಮವ್ವ, ಕೋಲಿಗೆ ಮದುವಿ ಮಾಡ್ತೀಯೇನು?"

"ಹೊಸ್ತಿಲ ಯಕ್ಕಾ. ಕೆಂಚಿ ಇವತ್ತು ದಾಟಾಕ ಬಂದಾಳ."

"ಮನಿ ಇಲ್ಲ ಮಠ ಇಲ್ಲ, ಹೊಸ್ತಿಲ ಬ್ಯಾರೆ ಇಡ್ತಾಳ ನೋಡ್ರಿ ಈಕಿ!"

"ಮೊದ್ಲು ಹೊಸ್ತಿಲ ಬರ್ಲಿ. ಮನಿ ಹಿಂದ ಬರತೈತಿ."

ಕೆಂಚಿ ಕೋಲಿನ ತನಕ ಬಂದು ದಾಟಲಿಲ್ಲ. ಅರಿಶಿನ ನೆಕ್ಕುತ್ತ ಕೂತುಬಿಟ್ಟಿತು. ಕೊನೆಗೆ ನಾವು ನಾಲ್ಕು ಹೆಂಗಸರು ಆಚೆ ಕಡೆಯಿಂದ ಚಪ್ಪಾಳೆ ತಟ್ಟಿ, ಬೆಲ್ಲ ತೋರಿಸಿ ಕರೆದ ಮೇಲೆ ಬಂತು. ದ್ಯಾಮವ್ವ ಸೆರಗಿನ ಗಂಟು ಬಿಚ್ಚಿ ಎಲ್ಲರಿಗೂ ಒಂದೊಂದು ಚೂರು ಬೆಲ್ಲ ಕೊಟ್ಟಳು. ಆ ಬೆಲ್ಲ ನಾನು ತಿಂದಿದ್ದೇನೆ. ಮೊನ್ನೆ ಹುಣಸೆಯ ವಾಸನೆ ಬಂದಾಗ ನಾಲಿಗೆಗೆ ಬಂದದ್ದು ಅದರ ರುಚಿಯೇ.

ಅದೇ ದಿನಗಳಲ್ಲಿ ಜನಗಣತಿ ನಡೆದಿತ್ತು. ನಮ್ಮೂರಿಗೆ ಅದರ ಕೆಲಸ ಬಸಣ್ಣ ಮೇಷ್ಟ್ರದು. ಶಾಲೆ ಬಿಟ್ಟ ಮೇಲೆ ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆ ಸುತ್ತುತ್ತಿದ್ದರು. ಹಿಂದಿನ ಬೇಸಿಗೆಯಲ್ಲೇ ಬಾಗಿಲುಗಳ ಮೇಲೆ ನಂಬರು ಬರೆದು ಹೋಗಿದ್ದರು, ಈಗ ಒಳಗಿರುವ ತಲೆಗಳ ಲೆಕ್ಕ. ಸುತ್ತಿ ಸುತ್ತಿ ಸಾಕಾಗಿ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತರೆ ಎರಡು ಮಿರ್ಚಿ ತಿನ್ನದೆ ಏಳುತ್ತಿರಲಿಲ್ಲ.

ಒಂದು ದಿನ ಅವರು ಕೇಳಿದರು: "ಸಿದ್ದಮ್ಮ, ಮನಿ ಇದ್ದೋರ್ನ ಬರ್ಕೊಂಡು ಮುಗೀತು. ಇನ್ನ ಇಲ್ದೋರ್ನ ಬರ್ಕೊಬೇಕು. ಅದಕ್ಕ ಒಂದ ರಾತ್ರಿ ಐತಿ, ಬರೋ ಬುಧವಾರ. ಮಂದಿ ಮಲಗಿದ ಮ್ಯಾಲೆ ಹೋಗಿ ಯಾರು ಬಯಲಾಗ ಅದಾರ ನೋಡಿ ಬರೀಬೇಕು. ನಮ್ಮೂರಾಗ ಯಾರ‍್ಯಾರು ಅದಾರ?"

ನಾನು ಬೆರಳು ಮಡಚುತ್ತ ಹೇಳಿದೆ. ಸಂತೆ ಕಟ್ಟೆಯಲ್ಲಿ ದ್ಯಾಮವ್ವ ಮತ್ತು ಕೂಸು. ಮುಚ್ಚಿದ ಎಣ್ಣೆ ಮಿಲ್ಲಿನ ಜಗಲಿಯಲ್ಲಿ ಬೀಗ ರಿಪೇರಿಯ ಖಾದರ್ ತಾತ. ಹಳೆ ಚಾವಡಿಯಲ್ಲಿ ಕಣ್ಣು ಕಾಣದ ಗಂಡ ಹೆಂಡತಿ. ಬಸ್ ನಿಲ್ಲುವಲ್ಲಿ, ನನ್ನ ಅಂಗಡಿಯ ಬೆಂಚಿನ ಮೇಲೆ, ಮಾತಾಡದ ಒಬ್ಬ ಮನುಷ್ಯ. ಮೇಷ್ಟ್ರು ಒಂದು ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಆರು ಎಂದು ಬರೆದುಕೊಂಡರು. ಕೂಸನ್ನೂ ಸೇರಿಸಿದರು. ಅದು ನನಗೆ ಬಹಳ ಸೇರಿತು.

ದ್ಯಾಮವ್ವ ಅಲ್ಲೇ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. "ಬರ್ಕೊಂಡ್ರ ನನಗ ಜಾಗ ಸಿಗತೈತೇನ್ರಿ ಮೇಷ್ಟ್ರ?" ಎಂದಳು. ಬಡವರಿಗೆ ನಿವೇಶನ ಕೊಡುತ್ತಾರೆಂಬ ಮಾತು ಆಗಲೇ ಊರಲ್ಲಿ ಓಡಾಡುತ್ತಿತ್ತು.

ಮೇಷ್ಟ್ರು ಸುಳ್ಳು ಹೇಳುವ ಮನುಷ್ಯರಲ್ಲ. "ಇದು ಬ್ಯಾರೆ, ಅದು ಬ್ಯಾರೆ ತಂಗಿ. ಬರ್ಕೊಂಡ್ರ ಸಿಗತೈತಿ ಅಂತ ನಾ ಹೇಳಂಗಿಲ್ಲ. ಆದ್ರ ಊರಾಗ ಇಂಥವ್ರು ಅದಾರ ಅನ್ನೋದು ಯಾವುದಾರ ಒಂದು ಕಾಗದದಾಗ ಇರಬೇಕು. ಇರಲಿಲ್ಲಂದ್ರ ಮುಂದ ಕೇಳೋರು ಇರಂಗಿಲ್ಲ. ಬುಧವಾರ ರಾತ್ರಿ ಎಲ್ಲಿಗೂ ಹೋಗಬ್ಯಾಡ, ಕಟ್ಟಿ ಮ್ಯಾಲೇ ಇರು" ಎಂದರು.

"ನಾ ಎಲ್ಲಿಗೆ ಹೋಗ್ಲಿರಿ" ಎಂದು ಅವಳು ನಕ್ಕಳು.

ಇಷ್ಟೇ ಆಗಿದ್ದರೆ ಸರಿಯಿತ್ತು. ಆದರೆ ಪಂಚಾಯಿತಿ ಮೆಂಬರು ಈರಣ್ಣನಿಗೆ ಸುದ್ದಿ ಮುಟ್ಟಿತು. ಈರಣ್ಣ ಕೆಟ್ಟವನಲ್ಲ. ಊರೆಂದರೆ ಅವನಿಗೆ ತನ್ನ ಮೈಮೇಲಿನ ಅಂಗಿ ಇದ್ದಂತೆ, ಒಂದು ಕಲೆ ಬಿದ್ದರೆ ತಡೆಯುತ್ತಿರಲಿಲ್ಲ. ಅಂಗಡಿಗೆ ಬಂದವನೇ ಮೇಷ್ಟ್ರ ಎದುರು ನಿಂತ.

"ಏನ್ರಿ ಮೇಷ್ಟ್ರ, ಬಯಲಾಗ ಮಲಗೋರು ಆರು ಮಂದಿ ಅಂತ ಬರೀತೀರಂತ? ನಾಳೆ ನಮ್ಮೂರಿಗೆ ಹೆಣ್ಣು ಕೊಡೋರು ಏನಂತಾರ? ಮಂದೀನ ಬೀದ್ಯಾಗ ಮಲಗಿಸೋ ಊರು ಅನ್ನಂಗಿಲ್ಲೇನು?"

"ಇರೋದು ಬರೀಬೇಕಲ್ಲ ಈರಣ್ಣ."

"ಇದ್ರ ಬರೀರಿ. ಬುಧವಾರ ರಾತ್ರಿ ಒಬ್ರೂ ಇರಂಗಿಲ್ಲ, ನೋಡ್ಕೊಳ್ರಿ. ಒಂದ ರಾತ್ರಿ ಅಲ್ಲೇನು?"

ಮೋಸ ಮಾಡುತ್ತಿದ್ದೇವೆಂದು ನಮಗೆ ಯಾರಿಗೂ ಅನಿಸಲಿಲ್ಲ, ದೇವರಾಣೆ. ಹಬ್ಬದ ಹಾಗೆ ಅನಿಸಿತು. ಬುಧವಾರ ಹೊತ್ತು ಮುಳುಗುವಾಗ ಒಬ್ಬೊಬ್ಬರು ಒಬ್ಬೊಬ್ಬರನ್ನು ಮನೆಗೆ ಕರೆದರು. ಕಣ್ಣು ಕಾಣದ ಗಂಡ ಹೆಂಡತಿಯನ್ನು ಈರಣ್ಣನೇ ಕೈಹಿಡಿದು ತನ್ನ ಪಡಸಾಲೆಗೆ ಕರೆದೊಯ್ದ, ಹೋಳಿಗೆ ಉಣಿಸಿದ. ಮಾತಾಡದ ಮನುಷ್ಯನನ್ನು ಹೋಟೆಲಿನವರು ಒಳಗೆ ಮಲಗಿಸಿಕೊಂಡರು. ಖಾದರ್ ತಾತ ಮಾತ್ರ ಯಾರ ಮನೆಗೂ ಬರಲು ಒಪ್ಪಲಿಲ್ಲ. ಕೊನೆಗೆ ಮಿಲ್ಲಿನ ಬಾಗಿಲು ತೆಗೆಸಿ, ಅವನನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿದರು. ಒಳಗಿಂದ ಅವನು ಕೂಗುತ್ತಿದ್ದ: "ಏ ಈರಣ್ಣ! ಆ ಬೀಗ ರಿಪೇರಿ ಮಾಡಿದಾಂವ ನಾನ ಅದೀನಿ, ಅದರ ಕೂಲಿ ಇನ್ನಾ ಬಂದಿಲ್ಲ! ಒಂದ ರಾತ್ರಿ ಅಳಿಯನ ಉಪಚಾರ ಮಾಡಿ ಬೆಳಗಾಗೂತ್ಲೆ ಹೊರಗ ದಬ್ಬತೀರಿ, ಗೊತ್ತೈತಿ ನನಗ!" ನಾವು ಹೊಟ್ಟೆ ಹಿಡಿದು ನಕ್ಕೆವು.

ದ್ಯಾಮವ್ವನನ್ನು ಕರೆಯಲು ಹೋದವಳು ನಾನು.

"ನಾ ಬರಂಗಿಲ್ಲ ಯಕ್ಕಾ. ಮೇಷ್ಟ್ರು ಇಲ್ಲೇ ಇರು ಅಂದಾರ" ಎಂದಳು. ಕೆಂಚಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕಟ್ಟೆಯ ಕಂಬಕ್ಕೆ ಒರಗಿ ಕೂತಿದ್ದಳು. ತಲೆ ಬಾಚಿಕೊಂಡಿದ್ದಳು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು. ಯಾರೋ ನೋಡಲು ಬರುತ್ತಾರೆಂದು ಕಾಯುವವರ ಹಾಗೆ.

"ಹುಚ್ಚಿ, ನಡುರಾತ್ರ್ಯಾಗ ಮುಖದ ಮ್ಯಾಲೆ ಬ್ಯಾಟರಿ ಬಿಟ್ಟು ಮನಿ ಇಲ್ದಾಕಿ ಅಂತ ಬರ್ಕೊಂತಾರ. ಅದು ಚಂದೇನು? ಹೆಣ್ಮಗಳು ನೀನು. ನಾ ಇರೂತನಕ ನೀ ಹೆಂಗ ಮನಿ ಇಲ್ದಾಕಿ ಆಗ್ತಿ? ಯಾರಾರ ಕೇಳಿದ್ರ, ಸಿದ್ದಕ್ಕನ ಮನ್ಯಾಗ ಇರ್ತೀನಿ ಅನ್ನು. ಎದಿ ಮುಟ್ಕೊಂಡು ಅನ್ನು."

ಅವಳು ನನ್ನ ಮುಖ ನೋಡಿದಳು. "ಖರೇನ ಯಕ್ಕಾ?" ಎಂದಳು.

"ಖರೇನ" ಎಂದೆ.

ಎದ್ದು ಬಂದಳು. ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು ಬಡಿಸಿದೆ. ಪಡಸಾಲೆಯಲ್ಲಿ ಚಾಪೆ ಹಾಸಿ ಕೌದಿ ಕೊಟ್ಟೆ. ಒಳಮನೆಗೆ ಕರೆಯಲಿಲ್ಲ. ಅದನ್ನೂ ಬರೆದುಬಿಡುತ್ತೇನೆ, ಕರೆಯಲಿಲ್ಲ.

ಊರು ಮಲಗಿದ ಮೇಲೆ ಮೇಷ್ಟ್ರು ಬ್ಯಾಟರಿ ಹಿಡಿದುಕೊಂಡು ಬಂದರು. ಕಟ್ಟೆ ನೋಡಿ, ಚಾವಡಿ ನೋಡಿ, ಮಿಲ್ಲಿನ ಜಗಲಿ ನೋಡಿ, ಎಲ್ಲಿಯೂ ಯಾರೂ ಇಲ್ಲದೆ ಕೊನೆಗೆ ನಮ್ಮ ಬಾಗಿಲಿಗೆ ಬಂದರು. ಬೆಳಕು ಚಾಪೆಯ ಮೇಲೆ ಬಿತ್ತು. ದ್ಯಾಮವ್ವ ಎದ್ದು ಕೂತಳು.

"ಸಿದ್ದಮ್ಮ, ಈಕಿ ಇಲ್ಲಿ?"

"ನಮ್ಮ ಮನ್ಯಾಗ ಇರ್ತಾಳ್ರಿ ಮೇಷ್ಟ್ರ."

"ನಿಮ್ಮ ಮನೀದು ಹೋದ ವಾರನ ಬರ್ಕೊಂಡೀನಲ್ಲ. ಆಗ ಈಕಿ ಹೆಸರು ಹೇಳಲಿಲ್ಲ."

ಮೇಷ್ಟ್ರು ದ್ಯಾಮವ್ವನ ಕಡೆ ತಿರುಗಿ, "ನಿಮ್ಮೂರಾಗ ನಿನ್ನ ಹೆಸರು ಬರೆಸಿರ್ತಾರೇನಮ್ಮ?" ಎಂದು ಕೇಳಿದರು.

"ಮೈದುನ ಬರೆಸಿರ್ತಾನ್ರಿ. ಬಿಡಂಗಿಲ್ಲ ಅವ. ನನ್ನ ಹೆಸರ‍್ನ್ಯಾಗ ರೇಷನ್ ಬರತೈತಲ್ಲ."

ಮೇಷ್ಟ್ರು ಬ್ಯಾಟರಿಯ ಬೆಳಕನ್ನು ನೆಲಕ್ಕೆ ತಿರುಗಿಸಿದರು. "ಹಂಗಾರ ನೀ ಅಲ್ಲಿ ಲೆಕ್ಕಕ್ಕ ಬಂದಿ. ಮನಿ ಇದ್ದಾಕಿ ಅಂತ ಬಂದಿ. ಇಲ್ಲಿ ಬಯಲಾಗ ಸಿಕ್ಕಿದ್ರ ಕೇಳಿ ಬರ್ಕೊಂತಿದ್ದೆ. ಈಗ ಮಾಡಿನ ಕೆಳಗ ಅದಿ" ಎಂದು ಚೀಲದಿಂದ ಹಾಳೆ ತೆಗೆದು, ಪೆನ್ಸಿಲಿನ ಆರನ್ನು ಅಳಿಸಿದರು. ಉಜ್ಜಿದ ಸಪ್ಪಳ ಆ ರಾತ್ರಿಯಲ್ಲಿ ಚೆನ್ನಾಗಿ ಕೇಳಿಸಿತು. ಅದರ ಜಾಗದಲ್ಲಿ ಒಂದು ಸೊನ್ನೆ ಬರೆದು, ಯಾರ ಮುಖವನ್ನೂ ನೋಡದೆ ಹೋದರು.

ಬೆಳಗಾದ ಮೇಲೆ ದ್ಯಾಮವ್ವ ಕೌದಿ ಮಡಚಿಟ್ಟು, ಅಂಗಳ ಗುಡಿಸಿ, ಕಟ್ಟೆಗೆ ಹೋದಳು. ಇರು ಎಂದು ನಾನು ಹೇಳಲಿಲ್ಲ. ಇರಲೇ ಎಂದು ಅವಳು ಕೇಳಲಿಲ್ಲ. ಕಣ್ಣು ಕಾಣದವರು ಚಾವಡಿಗೆ ಹೋದರು. ಮಾತಾಡದ ಮನುಷ್ಯ ಬಂದು ನನ್ನ ಬೆಂಚಿನ ಮೇಲೆ ಕೂತ. ಮಿಲ್ಲಿನ ಬೀಗ ತೆಗೆಯಲು ಹೋದವರಿಗೆ ಅದು ತೆಗೆಯಲು ಬಾರದೆ, ಖಾದರ್ ತಾತನೇ ಒಳಗಿಂದ ಹೀಗೆ ತಿರುವು, ಹಾಗೆ ತಿರುವು ಎಂದು ಹೇಳಿಕೊಟ್ಟು ತೆಗೆಸಿದ.

ಯುಗಾದಿ ಕಳೆದು ನನ್ನ ಹಿರಿಮಗಳು ಹೆರಿಗೆಗೆ ತವರಿಗೆ ಬಂದಳು. ಬಿಸಿಲು ಸುಡುವ ದಿನಗಳಲ್ಲಿ ಮೊಮ್ಮಗಳು ಹುಟ್ಟಿದಳು. ಮೊದಲ ಮೊಮ್ಮಗು! ಆಗಲೂ ನಾನು ಹೀಗೆಯೇ, ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಒಂದು ದಿನ ಬಸ್ಸಿಗೆ ಬಂದವರಿಗೆಲ್ಲ ಚಹಾ ಪುಕ್ಕಟೆ ಕೊಟ್ಟೆ. ದ್ಯಾಮವ್ವ ಕೂಸನ್ನು ನೋಡಲು ಬಂದಳು. ಬಾಣಂತಿ ಕೋಣೆಗೆ ಬರದೆ ಅಂಗಳದಲ್ಲೇ ನಿಂತು, ಹಣೆಗೆ ಬೆರಳು ಮುರಿದು ದೃಷ್ಟಿ ತೆಗೆದು ಹೋದಳು. ಕೆಂಚಿ ಆಗಲೇ ಕಂಬ ಹಿಡಿದು ನಿಲ್ಲುತ್ತಿತ್ತು.

ಮೊಮ್ಮಗಳಿಗೆ ಮೂರು ವಾರವಾದಾಗ ನಿವೇಶನದ ಪಟ್ಟಿ ಮಾಡಲು ತಾಲ್ಲೂಕಿನಿಂದ ಒಬ್ಬ ಸಾಹೇಬರು ಬಂದರು. ಶಾಲೆಯ ಮುಂದೆ ಬೇವಿನ ನೆರಳಲ್ಲಿ ಮೇಜು ಹಾಕಿದ್ದರು. ಊರೆಲ್ಲ ಸೇರಿತ್ತು. ಹತ್ತಿಪ್ಪತ್ತು ಜನ ಸಾಲಿನಲ್ಲಿ ನಿಂತಿದ್ದರು. ಅವರಲ್ಲಿ ಮನೆ ಇದ್ದವರೂ ಇದ್ದರು, ಮಗನಿಗೆ ಬೇರೆ ಮನೆ ಬೇಕೆನ್ನುವವರು. ದ್ಯಾಮವ್ವ ಕೆಂಚಿಯನ್ನು ಎತ್ತಿಕೊಂಡು ಕೊನೆಯಲ್ಲಿ ನಿಂತಿದ್ದಳು. ಮಳೆಗಾಲ ಬಾಗಿಲಿಗೆ ಬಂದಿತ್ತು. ಕಟ್ಟೆಯ ತಗಡು ಹಿಂದಿನ ಗಾಳಿಗೆ ಅರ್ಧ ಹಾರಿ ಹೋಗಿತ್ತು. ಅವಳಿಗೆ ಅವತ್ತು ಆ ಪಟ್ಟಿಯಲ್ಲಿ ಹೆಸರು ಬರಲೇಬೇಕಿತ್ತು. ಅದು ನನಗೂ ಗೊತ್ತಿತ್ತು. ಧೈರ್ಯಕ್ಕೆಂದು ನಾನು ಪಕ್ಕದಲ್ಲೇ ನಿಂತಿದ್ದೆ.

ಅವಳ ಸರದಿ ಬಂತು. ಸಾಹೇಬರು ಒಳ್ಳೆಯ ಮನುಷ್ಯರು, ತಗ್ಗಿದ ದನಿಯಲ್ಲಿ ಮಾತಾಡುವವರು. "ಎಲ್ಲಿ ವಾಸ ಇದ್ದೀಯಮ್ಮ?" ಎಂದು ಕೇಳಿದರು.

ದ್ಯಾಮವ್ವ ಒಮ್ಮೆ ಜನರನ್ನು ನೋಡಿದಳು. ಒಮ್ಮೆ ಈರಣ್ಣನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿ, ನಾನು ಕಲಿಸಿದ ಮಾತನ್ನು, ನಾನು ಹೇಳಿಕೊಟ್ಟಂತೆಯೇ ಎದೆ ಮುಟ್ಟಿಕೊಂಡು ಹೇಳಿದಳು:

"ಸಿದ್ದಕ್ಕನ ಮನ್ಯಾಗ ಇರ್ತೀನ್ರಿ."

ಜನರಲ್ಲಿ ಒಂದು ಗುಜುಗುಜು ಆಯಿತು. ಯಾರೋ, "ಸಿದ್ದಕ್ಕ ದೊಡ್ಡಾಕಿ ಬಿಡ್ರಿ" ಎಂದರು. ಈರಣ್ಣ ಮುಂದೆ ಬಂದು, "ಹೌದ್ರಿ ಸಾಹೇಬ್ರ, ನಮ್ಮೂರಾಗ ಯಾರನ್ನೂ ಬಯಲಾಗ ಬಿಡಂಗಿಲ್ಲ. ಮನಿ ಇಲ್ಲದವರು ಅನ್ನೋ ಮಾತ ಇಲ್ಲ ನಮ್ಮೂರಾಗ" ಎಂದ. ಎಲ್ಲರ ಕಣ್ಣೂ ನನ್ನ ಮೇಲಿತ್ತು.

ಇಲ್ಲ ಸಾಹೇಬರೇ, ಇವಳು ಸಂತೆ ಕಟ್ಟೆಯ ಮೇಲೆ ಇದ್ದಾಳೆ, ಬನ್ನಿ ತೋರಿಸುತ್ತೇನೆ ಎಂದು ಹೇಳಲು ಎಷ್ಟು ಹೊತ್ತು ಬೇಕು? ಒಂದು ಮಿರ್ಚಿ ಎಣ್ಣೆಯಲ್ಲಿ ತಿರುವಿ ಹಾಕುವಷ್ಟು ಹೊತ್ತೂ ಬೇಡ. ನಾನು ಹೇಳಲಿಲ್ಲ. ಆ ಹೊಗಳಿಕೆ ನನ್ನ ಬಾಯಿ ಕಟ್ಟಿತ್ತು. ಸೆರಗು ಸರಿಮಾಡಿಕೊಂಡು ನಿಂತಿದ್ದೆ.

"ಹಾಗಾದರೆ ಇವರಿಗೆ ಮನೆ ಇದೆ" ಎಂದು ಸಾಹೇಬರು ಬರೆದ ಹೆಸರಿನ ಮೇಲೆ ಒಂದು ಗೆರೆ ಎಳೆದರು. ಮುಂದಿನವರನ್ನು ಕರೆದರು.

ಬಸಣ್ಣ ಮೇಷ್ಟ್ರಿಗೆ ವಿಷಯ ತಿಳಿದದ್ದು ಸಂಜೆ. ಓಡಿ ಬಂದರು, ಅಷ್ಟರಲ್ಲಿ ಸಾಹೇಬರ ಜೀಪು ಹೋಗಿತ್ತು. ಕೂಡ್ಲಿಗಿಯ ಕಡೆ ಇನ್ನೆರಡು ದಿನ ಮದುವೆಗೆ ಹೋಗುವುದಿದೆ, ಬಂದ ಮೇಲೆ ತಾಲ್ಲೂಕು ಕಚೇರಿಗೆ ನಾನೇ ಹೋಗಿ ಹೇಳುತ್ತೇನೆ ಎಂದರು. ನಾನು ಸಮಾಧಾನ ಮಾಡಿಕೊಂಡೆ.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ದ್ಯಾಮವ್ವ ನಮ್ಮ ಮನೆಗೆ ಬಂದಳು. ತಲೆಯ ಮೇಲೆ ಗಂಟು, ಬಗಲಲ್ಲಿ ಕೆಂಚಿ. ಬಡಗಣ ದಿಕ್ಕಿನಲ್ಲಿ ಮೋಡ ಕಪ್ಪಾಗಿತ್ತು, ಗಾಳಿ ಎದ್ದಿತ್ತು. ಅಂಗಳದಲ್ಲಿ ನಿಂತು ಹೇಳಿದಳು:

"ಯಕ್ಕಾ, ನಿನ್ನ ಮನಿ ಅಂತ ಬರ್ಕೊಂಡಾರ. ಮಳಿ ಬರಂಗೈತಿ. ಇರ್ಲೇನು?"

ಕೊಂಕಿಲ್ಲ, ಸಿಟ್ಟಿಲ್ಲ. ನಾನು ಹೇಳಿದ್ದನ್ನು ಅವಳು ನಂಬಿದ್ದಳು, ಅಷ್ಟೇ.

ನಮ್ಮದು ಒಂದು ಪಡಸಾಲೆ, ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ಬಾಣಂತಿ. ಪಡಸಾಲೆಯಲ್ಲಿ ನಾನು, ಯಜಮಾನರು, ಇಬ್ಬರು ಗಂಡುಮಕ್ಕಳು. ಅವತ್ತೇ ಅಳಿಯನ ಕಡೆಯ ಇಬ್ಬರು ಕೂಸು ನೋಡಲು ಬಂದು ಉಳಿದಿದ್ದರು. ಬೀಗರ ಮುಂದೆ ಇವಳನ್ನು ಯಾರು ಎಂದು ಹೇಳಲಿ? ಯಜಮಾನರು ಬೀಡಿ ಹಚ್ಚಿಕೊಂಡು ಗೋಡೆ ನೋಡುತ್ತ ಕೂತರು. ಬೇಡವೆಂದು ಅವರು ಹೇಳಲಿಲ್ಲ. ಹೇಳಿದ್ದರೆ ಇವತ್ತು ತಪ್ಪನ್ನು ಅವರ ತಲೆಗೆ ಕಟ್ಟುತ್ತಿದ್ದೆ.

"ಬಾಣಂತಿ ಅದಾಳವ್ವಾ. ಬೀಗರು ಬಂದಾರ. ನಾಳೆ ನೋಡೂಣು" ಎಂದೆ.

"ಹೂಂ ಯಕ್ಕಾ. ಬಾಣಂತಿಗೆ ಗಾಳಿ ಬೀಸಬಾರ್ದು, ಬಾಗಿಲ ಹಾಕ್ಕೊ" ಎಂದಳು.

ಒಂದು ಪೊಟ್ಟಣ ಮಂಡಕ್ಕಿ ಕಟ್ಟಿಕೊಟ್ಟೆ. ತೆಗೆದುಕೊಂಡಳು. ಹೋದಳು. ಅವಳು ಹೇಳಿದಂತೆಯೇ ನಾನು ಬಾಗಿಲು ಹಾಕಿಕೊಂಡೆ. ಆ ರಾತ್ರಿ ಬಂದದ್ದು ಮುಂಗಾರಿನ ಮೊದಲ ದೊಡ್ಡ ಮಳೆ. ಬೀಗರು, "ಏನ್ ಮಳಿರಿ ನಿಮ್ಮೂರಾಗ!" ಎಂದು ಹೊಗಳಿದರು.

ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಕಟ್ಟೆಗೆ ಹೋದೆ. ತಗಡಿನ ಕೆಳಗೆ ನೀರು ನಿಂತಿತ್ತು. ಯಾರೂ ಇರಲಿಲ್ಲ.

ಮೊದಲ ಬಸ್ಸು ಹೋದ ಮೇಲೆ ಖಾದರ್ ತಾತ ಚಹಾಕ್ಕೆ ಬಂದ. ಎಂದಿನ ಹಾಗೆ ನನ್ನನ್ನು ಕೆಣಕಲಿಲ್ಲ. ಲೋಟ ಹಿಡಿದುಕೊಂಡು ಹೇಳಿದ: "ದ್ಯಾಮಿ ಹೋದ್ಲು ಸಿದ್ದಕ್ಕ. ರಾತ್ರಿ ಮಿಲ್ಲಿನ ಜಗಲಿಗೆ ಬಂದು ನನ್ನ ಕಂಬಳಿ ಕೂಸಿಗೆ ಹೊಚ್ಚಿದ್ಲು. ಬೆಳಕು ಹರಿಯೂತ್ಲೆ ಕೊಟ್ಟೂರ ದಾರಿ ಹಿಡಿದ್ಲು."

"ಎಲ್ಲಿಗೆ ಅಂತ ಏನಾರ ಹೇಳಿದ್ಲೇನು ತಾತಾ?"

"ಎಲ್ಲಿಗೆ ಅಂತ ಹೇಳಲಿಲ್ಲ."

ಆಮೇಲೆ ಎಷ್ಟು ವರ್ಷ ಹುಡುಕಿದೆನೋ. ಹುಡುಕಿದೆ ಎಂದರೂ ತಪ್ಪು, ಬೇರೆ ಕೆಲಸಕ್ಕೆ ಹೋದಲ್ಲಿ ಕಣ್ಣಾಡಿಸಿದೆ. ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ, ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ, ಒಮ್ಮೆ ಹಂಪಸಾಗರಕ್ಕೆ ಮದುವೆಗೆ ಹೋದಾಗ ಹೊಳೆದಂಡೆಯ ಗುಡಿಸಲುಗಳ ಸಾಲಿನಲ್ಲಿ. ಹೆಣ್ಣುಮಗುವಿನ ಕೈಹಿಡಿದು ನಡೆಯುವ ಹೆಂಗಸು ಕಂಡರೆ ನಿಂತು ನೋಡುತ್ತಿದ್ದೆ. ಬಸಣ್ಣ ಮೇಷ್ಟ್ರು ಮದುವೆಯಿಂದ ಬಂದು, ಹೇಳಿದಂತೆಯೇ ಕಚೇರಿಗೆ ಹೋಗಿ ಮಾತಾಡಿ ಬಂದರು. ಅರ್ಜಿಯ ಕಾಗದವನ್ನೂ ತಂದಿದ್ದರು. ಹೆಬ್ಬೆಟ್ಟು ಒತ್ತುವವಳೇ ಇರಲಿಲ್ಲ.

ನನ್ನ ಮೊಮ್ಮಕ್ಕಳ ಮುಖ ನೋಡಿದರೆ ನನಗೆ ಜೀವನ ತುಂಬಿ ಚೆಲ್ಲುತ್ತದೆ, ಅದು ಸುಳ್ಳಲ್ಲ. ಅದರ ನಡುವೆಯೇ ಇದೂ ಇದೆ.

ಖಾದರ್ ತಾತ ಅವತ್ತು ಇನ್ನೊಂದು ಮಾತು ಹೇಳಿದ್ದ. ಚಹಾ ಕುಡಿದು ಲೋಟ ಇಟ್ಟು, ಹೋಗುವವನು ತಿರುಗಿ ನಿಂತು ಹೇಳಿದ್ದ.

"ಹೋಗೋ ಮುಂದ ನನ್ನ ಕೈ ಹಿಡ್ಕೊಂಡು ಅಂದ್ಲು. 'ತಾತಾ, ಯಾರಾರ ಕೇಳಿದ್ರ, ದ್ಯಾಮಿ ಸಿದ್ದಕ್ಕನ ಮನಿಯಿಂದ ತನ್ನ ಊರಿಗೆ ಹೋದ್ಲು ಅನ್ನು. ಯಕ್ಕನ ಹೆಸರು ಕೆಡೋದು ಬ್ಯಾಡ' ಅಂದ್ಲು."

ಕೇಳಿದರು. ಈರಣ್ಣ ಕೇಳಿದ, ಮೇಷ್ಟ್ರು ಕೇಳಿದರು, ಹುಣಸೆ ಬಿಡಿಸುವ ಹೆಂಗಸರು ಮುಂದಿನ ವರ್ಷವೂ ಕೇಳಿದರು. ಎಲ್ಲರಿಗೂ ನಾನು ಅದನ್ನೇ ಹೇಳಿದೆ, ನಮ್ಮ ಮನೆಯಿಂದ ಊರಿಗೆ ಹೋದಳು ಎಂದು. ಇಷ್ಟು ವರ್ಷ ಹೇಳಿದ್ದೇನೆ. ಇವತ್ತು ನನ್ನ ಕೈಯಾರೆ ಬರೆಯುತ್ತಿದ್ದೇನೆ: ಅವಳು ನಮ್ಮ ಮನೆಯಿಂದ ಹೋಗಲಿಲ್ಲ. ಕೂಸನ್ನು ಕಟ್ಟಿಕೊಂಡು ಬಯಲಿನಿಂದ ಹೋದಳು.